ಗಂಟೆಯ ನಾಲಿಗೆ ಹಿಡಿದವಳು

ಆ ಊರಿನ ಚಾವಡಿಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಯಾರು ತಂದಿಟ್ಟರು, ಯಾವಾಗ ತಂದಿಟ್ಟರು ಎಂದು ಕೇಳಬೇಡಿ. ಊರು ಮೊದಲು ಬಂತೋ ಅದು ಮೊದಲು ಬಂತೋ ಎಂದು ಊರಿನವರೇ ತಲೆ ಕೆಡಿಸಿಕೊಂಡವರಲ್ಲ. ಅದರೊಳಗಿನ ವ್ಯವಸ್ಥೆಯೇ ಊರಿನ ವ್ಯವಸ್ಥೆ. ಅದರಲ್ಲಿ ಬಾವಿ ಎಂದಿದ್ದಲ್ಲಿ ಊರಿನಲ್ಲಿ ಬಾವಿ ಇತ್ತು. ಅದರಲ್ಲಿ ಓಣಿ ಎಡಕ್ಕೆ ತಿರುಗಿದರೆ ಊರಿನ ಓಣಿಯೂ ಎಡಕ್ಕೆ ತಿರುಗುತ್ತಿತ್ತು. ಹಿಂದೊಮ್ಮೆ ಕೆಲಸದ ಹೊತ್ತಿನಲ್ಲಿ ಅದರ ಪರದೆ ಒಂದು ಕ್ಷಣ ಕಪ್ಪಾದಾಗ ಊರಿನವರೆಲ್ಲ ಒಟ್ಟಿಗೆ ಕಣ್ಣು ಮಿಟುಕಿಸಿದ್ದರಂತೆ. ಇದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ ಎಂಬುದು ಅವರ ಅಭಿಪ್ರಾಯ.

ಅಲ್ಲಿ ಯಾರಿಗೂ ಬೇರೆ ಹೆಸರಿರಲಿಲ್ಲ, ಮಾಡುವ ಕೆಲಸವೇ ಹೆಸರು. ಬಾವಿಯಿಂದ ನೀರು ಸೇದುವವನು ಬಾವಿಯಣ್ಣ. ಊರಿಗೆಲ್ಲ ಅನ್ನ ಬೇಯಿಸಿ ಮನೆಮನೆಗೆ ಕಳಿಸುವವಳು ಒಲೆಯಕ್ಕ. ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವನು ಕಟ್ಟೆಯಪ್ಪ. ನ್ಯಾಯ ಇಲ್ಲದ ದಿನ ಅವನು ಸುಮ್ಮನೆ ಕೂರುತ್ತಿದ್ದ, ಅದೂ ಕೆಲಸವೇ. ಚಾವಡಿಯ ತೊಲೆಗೆ ತೂಗುಬಿಟ್ಟ ಕಂಚಿನ ಗಂಟೆ ಬಾರಿಸುವವಳು ಗಂಟೆವ್ವ. ಅವಳ ಮಗಳು ಚಾಪೆ ಹೆಣೆಯುತ್ತಿದ್ದಳು, ಹಾಗಾಗಿ ಚಾಪೆವ್ವ. ತಾಯಿ ಮಗಳನ್ನು ಚಾಪೆವ್ವ ಎಂದೇ ಕರೆಯಬೇಕು, ಮಗಳು ತಾಯಿಯನ್ನು ಗಂಟೆವ್ವ ಎಂದೇ ಕರೆಯಬೇಕು. ಮಿಕ್ಕಿದ್ದೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಮಾತು. ಕೆಲಸವಿಲ್ಲದವರು ಆ ಊರಿನಲ್ಲಿ ಇರಲಿಲ್ಲ. ಇದ್ದಿದ್ದರೆ ಅವರನ್ನು ಊಟಕ್ಕೆ ಕರೆಯುವುದಾದರೂ ಏನಂತ? ಊಟದ ಹೊತ್ತಿನಲ್ಲಿ ಕರೆಯದೆ ಯಾರೂ ಯಾವ ಹೊಸ್ತಿಲನ್ನೂ ದಾಟುವಂತಿರಲಿಲ್ಲ, ತನ್ನ ಸ್ವಂತ ಮನೆಯದಾದರೂ ಸರಿ.

ಬಹಳ ಮರ್ಯಾದಸ್ಥರ ಊರು ಅದು. ಒಬ್ಬರು ದುಡಿಯುತ್ತಿರುವಾಗ ಇನ್ನೊಬ್ಬರು ಉಣ್ಣುವುದೆಂದರೆ ಅವರಿಗೆ ತಲೆ ತಗ್ಗಿಸುವ ವಿಷಯ. ಆದ್ದರಿಂದ ಸೂರ್ಯ ನೆತ್ತಿಗೆ ಬಂದಾಗ ಗಂಟೆವ್ವ ಗಂಟೆ ಬಾರಿಸಬೇಕು, ಸದ್ದು ಕೇಳಿದ ಕೂಡಲೇ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಡಬೇಕು. ಅರ್ಧ ಸೇದಿದ ಕೊಡವನ್ನು ಬಾವಿಯಣ್ಣ ಹಗ್ಗ ಬಿಗಿದು ಅಲ್ಲೇ ತೂಗಲು ಬಿಡುತ್ತಿದ್ದ. ಅರ್ಧ ಬೈದವರು ಉಳಿದರ್ಧವನ್ನು ಊಟವಾದ ಮೇಲೆ ಬೈಯುತ್ತಿದ್ದರು.

ವಿಶ್ರಾಂತಿ ಮನುಷ್ಯರಿಗೆ ಮಾತ್ರವಲ್ಲ. ಗಂಟೆ ಬಾರಿಸಿದ ಮೇಲೆ ಗಂಟೆವ್ವ ಹೆಗಲ ಮೇಲೆ ಹಳೆಯ ಸೀರೆಯ ತುಂಡುಗಳನ್ನು ಹಾಕಿಕೊಂಡು ಹೊರಡುತ್ತಿದ್ದಳು. ಬೀಸುವ ಕಲ್ಲಿಗೆ ಒಂದು ತುಂಡು ಹೊದಿಸುತ್ತಿದ್ದಳು, ಮಗ್ಗಕ್ಕೆ ಒಂದು, ನೀರೆತ್ತುವ ಏತಕ್ಕೆ ಒಂದು. ‘ಪಾಪ, ಬೆಳಗ್ಗಿಂದ ತಿರುಗಿದ್ದೀಯ, ಮಲಕ್ಕೋ’ ಎಂದು ಬೀಸುವ ಕಲ್ಲಿನ ಬೆನ್ನು ಸವರುತ್ತಿದ್ದಳು. ಎಲ್ಲಕ್ಕಿಂತ ಮೆತ್ತನೆಯ, ಒಗೆದು ಒಗೆದು ಬಣ್ಣ ಹೋದ ತುಂಡು ಲ್ಯಾಪ್‌ಟಾಪಿಗೆ. ಮೊದಲು ಅದರ ವೈರು ತೆಗೆಯುತ್ತಿದ್ದಳು; ಮಲಗುವವರ ಬಾಯಲ್ಲಿ ತುತ್ತು ಇರಬಾರದು ಅಲ್ಲವೇ. ಅದರ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ವೈರು ತೆಗೆದ ತಕ್ಷಣ ಅದು ಕಣ್ಣು ಮುಚ್ಚುತ್ತಿತ್ತು. ದಣಿದವರು ಹಾಗೆ ತಟ್ಟನೆ ನಿದ್ದೆ ಹೋಗುವುದು ಸಹಜ ಎಂದು ಅವಳು ಅಂದುಕೊಳ್ಳುತ್ತಿದ್ದಳು. ಆಮೇಲೆ ಮಡಚಿ, ಬಟ್ಟೆ ಹೊದಿಸಿ, ಅಂಚುಗಳನ್ನು ಒಳಗೆ ಸೇರಿಸಿ, ಊಟಕ್ಕೆ ಹೋಗುತ್ತಿದ್ದಳು. ಊರು ಏಳುವ ಮೊದಲು ಅವಳೇ ಬಂದು ಬಟ್ಟೆ ತೆಗೆದು, ವೈರು ಸಿಕ್ಕಿಸಿ, ಎಲ್ಲವನ್ನೂ ಮೊದಲಿದ್ದ ಹಾಗೇ ಇಡುತ್ತಿದ್ದಳು. ಅವಳ ತಾಯಿಯೂ ಹೀಗೇ ಮಾಡಿದ್ದಳು, ತಾಯಿಯ ತಾಯಿಯೂ ಹೀಗೇ. ಆ ಹೊತ್ತಿನಲ್ಲಿ ಊರೂ ಕೆಲಸ ಬಿಟ್ಟಿರುತ್ತಿದ್ದುದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ.

ಒಂದು ಬೆಳಿಗ್ಗೆ ಪರದೆಯ ಮೇಲೆ ಮಾತು ಮೂಡಿತು. ‘ಹೊಸ ವ್ಯವಸ್ಥೆ ಬಂದಿದೆ. ಅಪ್‌ಡೇಟ್ ನಡೆಯುತ್ತಿದೆ. ದಯವಿಟ್ಟು ಆಫ್ ಮಾಡಬೇಡಿ.’

ಕಟ್ಟೆಯಪ್ಪ ಅದನ್ನು ಗಟ್ಟಿಯಾಗಿ ಓದಿದ. ಆಫ್ ಮಾಡುವ ಯೋಚನೆ ಯಾರಿಗೂ ಇರಲಿಲ್ಲ. ಎಲ್ಲರೂ ಕೈಮುಗಿದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಾ ಹೋಯಿತು, ಅದರ ಕೆಳಗಿನ ಗೆರೆ ಇಷ್ಟಿಷ್ಟೇ ತುಂಬುತ್ತಾ ಹೋಯಿತು. ಅದೇ ಬೆಳಿಗ್ಗೆ ಚಾಪೆವ್ವನಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದು ಬಿಸಿನೀರು ಇಡಲು ಹೇಳಿದಳು. ಚಾಪೆವ್ವನ ಗಂಡ ಗೋಡೆಯಣ್ಣ ಸಂತೋಷ ತಡೆಯಲಾರದೆ, ಹುಟ್ಟುವ ಮಗುವಿಗೆಂದು ಹಿತ್ತಲಲ್ಲಿ ಒಂದು ಕೋಣೆಯ ಗೋಡೆ ಏಳಿಸಲು ಕೂತ.

ಸೂರ್ಯ ನೆತ್ತಿಗೆ ಬಂದ. ಗೆರೆ ತುಂಬಲು ಇನ್ನೂ ಸ್ವಲ್ಪ ಬಾಕಿ ಇತ್ತು. ಗಂಟೆವ್ವ ಗಂಟೆ ಬಾರಿಸಿದಳು. ‘ಅಯ್ಯೋ, ಇವತ್ತು ಎಷ್ಟೊಂದು ದುಡಿದುಬಿಟ್ಟೆಯಲ್ಲೋ’ ಎಂದು ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ನೋಡಿದಳು. ಬಿಸಿಯಾಗಿತ್ತು. ವೈರು ತೆಗೆದು, ಮಡಚಿ, ಎರಡು ಪದರ ಮಾಡಿ ಬಟ್ಟೆ ಹೊದಿಸಿದಳು.

ಊಟ ಮುಗಿದು ಬಟ್ಟೆ ತೆಗೆದಾಗ ಪರದೆ ಬೇರೆ ಮಾತು ಆಡಿತು. ‘ಅಪ್‌ಡೇಟ್ ಪೂರ್ಣಗೊಳಿಸಲು ಆಗಲಿಲ್ಲ. ಬದಲಾವಣೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುತ್ತಿದೆ.’

ಹಿಂದಕ್ಕೆ ತೆಗೆದುಕೊಂಡಿತು. ಬೆಳಗ್ಗೆ ಬೀಸಿದ ಹಿಟ್ಟು ಜೋಳವಾಯಿತು. ನೇಯ್ದ ಬಟ್ಟೆ ನೂಲಾಯಿತು. ಸೇದಿದ ನೀರು ತಾನೇ ಬಾವಿಗೆ ಇಳಿಯಿತು. ಉಂಡ ಅನ್ನ ಪಾತ್ರೆಗೆ ಮರಳಿತು, ಹೊಟ್ಟೆ ಮತ್ತೆ ಬೆಳಗಿನಷ್ಟೇ ಹಸಿಯಿತು. ಗೋಡೆಯಣ್ಣನ ಗೋಡೆ ಸದ್ದಿಲ್ಲದೆ ಇಟ್ಟಿಗೆಯ ರಾಶಿಯಾಗಿ ಮೂಲೆಯಲ್ಲಿ ಕೂತಿತು. ಚಾಪೆವ್ವನ ನೋವು ನಿಂತುಹೋಯಿತು, ಕೆಳಗಿಳಿದಿದ್ದ ಮಗು ಮೇಲಕ್ಕೆ ಹೋಯಿತು. ಸೂರ್ಯ ಮಾತ್ರ ಲ್ಯಾಪ್‌ಟಾಪಿನ ಅಂಕೆಯಲ್ಲಿ ಇರಲಿಲ್ಲ, ಅವನು ತನ್ನ ಪಾಡಿಗೆ ಮುಳುಗಿದ. ಆದದ್ದನ್ನು ಮರೆತಿದ್ದರೆ ಸುಖವಿತ್ತು, ಯಾರೂ ಮರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್‌ಡೇಟ್ ಮತ್ತೆ ಶುರುವಾಯಿತು. ನೋವೂ ಶುರುವಾಯಿತು, ಗೋಡೆಯೂ ಶುರುವಾಯಿತು. ಮಧ್ಯಾಹ್ನ ಗಂಟೆ, ಬಟ್ಟೆ, ಊಟ. ಊಟದ ಮೇಲೆ ಎಲ್ಲವೂ ಹಿಂದಕ್ಕೆ. ಹೀಗೆ ಎಷ್ಟು ದಿನ ನಡೆಯಿತೆಂದು ಹೇಳುವ ಹಾಗಿಲ್ಲ. ಕಟ್ಟೆಯಪ್ಪ ದಿನಕ್ಕೊಂದು ಗೆರೆಯನ್ನು ಗೋಡೆಯ ಮೇಲೆ ಎಳೆಯುತ್ತಿದ್ದ, ಮಧ್ಯಾಹ್ನ ಅದು ಅಳಿಯುತ್ತಿತ್ತು.

‘ಇದು ಒಳ್ಳೇದಲ್ಲ ಗಂಟೆವ್ವ,’ ಎಂದಳು ಸೂಲಗಿತ್ತಿ ಒಂದು ದಿನ, ಕೈ ಒರೆಸಿಕೊಳ್ಳುತ್ತಾ. ‘ಮಗು ಬಾಗಿಲ ತನಕ ಬರ್ತದೆ, ವಾಪಸ್ ಹೋಗ್ತದೆ. ಇವತ್ತು ನಿನ್ನೆಯಷ್ಟು ಜೋರಾಗಿ ಒದೀಲಿಲ್ಲ. ಬಂದೋರನ್ನ ದಿನಾ ಬಾಗಿಲಿಂದ ಕಳಿಸಿದ್ರೆ ಎಷ್ಟು ದಿನ ಅಂತ ಬಂದಾರು ಹೇಳು?’

ಗಂಟೆವ್ವ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಒಳಗೆ ಯಾರೋ ಬೇಸರದಿಂದ ಮಗ್ಗಲು ಬದಲಿಸಿದ ಹಾಗಾಯಿತು. ಅವಳಿಗೆ ಹೆದರಿಕೆಯಾಯಿತು. ಬದುಕಿನಲ್ಲಿ ಅಷ್ಟು ಹೆದರಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ಕೊನೆಗೆ ನದಿಯಾಚೆಯಿಂದ ರಿಪೇರಿಯಣ್ಣನನ್ನು ಕರೆಸಿದರು. ಅವನು ಒಂದು ಚೀಲ ತಂದ, ಚೀಲದಲ್ಲಿ ಸ್ಕ್ರೂಡ್ರೈವರ್, ಒಂದು ಬ್ರಷ್ಷು, ಒಂದು ಪೆನ್‌ಡ್ರೈವ್ ಇದ್ದವು. ಕೆಟ್ಟದ್ದರ ಮುಂದೆ ಕೂತು ಕೂತು ಮುಖದಲ್ಲಿ ತಾಳ್ಮೆ ಬಂದವನು. ಹೊರಗಿನವನಾದ್ದರಿಂದ ಅವನ ಹೆಸರು ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ, ಹಾಗಾಗಿ ಅವನದು ಯಾವುದೂ ಹಿಂದಕ್ಕೆ ಹೋಗುತ್ತಿರಲಿಲ್ಲ. ಊರಿನಲ್ಲಿ ಯಾರ ಉಗುರೂ ಬೆಳೆಯದಿದ್ದಾಗ ಅವನ ಗಡ್ಡ ಮಾತ್ರ ಬೆಳೆಯುತ್ತಿತ್ತು. ಎಲ್ಲರೂ ಉಂಡದ್ದು ಪಾತ್ರೆಗೆ ಮರಳಿದರೆ, ಅವನು ಉಂಡದ್ದು ಅವನಲ್ಲೇ ಉಳಿಯುತ್ತಿತ್ತು. ಒಲೆಯಕ್ಕನ ಪಾತ್ರೆಯಲ್ಲಿ ದಿನಕ್ಕೆ ಒಬ್ಬನ ಊಟದಷ್ಟು ಅನ್ನ ಕಡಿಮೆಯಾಗುತ್ತಾ ಬಂತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಅತಿಥಿಯ ಮುಂದೆ ಅಂಥ ಮಾತು ಆಡಬಾರದು.

ರಿಪೇರಿಯಣ್ಣ ಮೊದಲು ಲ್ಯಾಪ್‌ಟಾಪನ್ನು ಆಫ್ ಮಾಡಿ ಆನ್ ಮಾಡಿದ. ಊರು ಒಮ್ಮೆ ಕಣ್ಣು ಮಿಟುಕಿಸಿತು. ಅಪ್‌ಡೇಟ್ ಮತ್ತೆ ಶುರುವಾಯಿತು. ಮಧ್ಯಾಹ್ನ ಗಂಟೆಯಾಯಿತು, ‘ರಿಪೇರಿಯಣ್ಣ, ಊಟಕ್ಕೆ ಬನ್ನಿ’ ಎಂದು ಕೈ ಹಿಡಿದು ಕರೆದುಕೊಂಡು ಹೋದರು, ಎಲೆ ಹಾಕಿ ಬಡಿಸಿದರು, ಬೇಡ ಎಂದರೂ ಇನ್ನೊಂದು ಸೌಟು ಹಾಕಿದರು. ಬಂದು ನೋಡಿದರೆ ಅದೇ ಮಾತು: ‘ಪೂರ್ಣಗೊಳಿಸಲು ಆಗಲಿಲ್ಲ.’

ಮಾರನೆಯ ದಿನ, ‘ಇದಕ್ಕೆ ಅಂಟಿಕೊಂಡಿರೋದನ್ನೆಲ್ಲ ತೆಗೀಬೇಕು’ ಎಂದು ಮೌಸು, ಪ್ರಿಂಟರು ಎಲ್ಲ ಕಿತ್ತ. ಊರಿನಲ್ಲಿ ಯಾವುದು ಯಾವುದಕ್ಕೆ ಒರಗಿತ್ತೋ ಅದೆಲ್ಲ ಬಿಟ್ಟುಕೊಂಡಿತು. ಚಪ್ಪರದಿಂದ ಬಳ್ಳಿ ಇಳಿಯಿತು, ಗೋಡೆಯಿಂದ ಏಣಿ ಸರಿಯಿತು, ಕಟ್ಟೆಯಪ್ಪನ ಕೈಯಿಂದ ಕೋಲು ಹೊರಟುಹೋಯಿತು. ಅವನು ಆ ಬೆಳಿಗ್ಗೆಯೆಲ್ಲ ನೆಟ್ಟಗೆ ನಿಂತೇ ಇದ್ದ, ಒರಗಲು ಏನೂ ಇರಲಿಲ್ಲ. ಮಧ್ಯಾಹ್ನ ಗಂಟೆ, ಬಟ್ಟೆ, ಊಟ. ಊಟದ ಮೇಲೆ ಕೋಲು ವಾಪಸ್ ಬಂತು, ಮಗು ಬರಲಿಲ್ಲ.

‘ಒಳಗೆ ಜಾಗ ಸಾಲದೇನೋ’ ಎಂದ ರಿಪೇರಿಯಣ್ಣ ಮರುದಿನ. ಊರಿನವರು ಬೇಡವಾದದ್ದನ್ನು ಯೋಚಿಸಿ ಯೋಚಿಸಿ ಕೊಟ್ಟರು. ಯಾರೂ ನಡೆಯದ ಒಂದು ಓಣಿಯನ್ನು ಅಳಿಸಿದ. ಎರಡು ಮನೆಗಳ ನಡುವಿನ ಹಳೆಯ ಜಗಳವನ್ನು ಅಳಿಸಿದ. ಜಗಳ ಹೋದ ಮೇಲೆ ಆ ಎರಡು ಮನೆಯವರು ಒಬ್ಬರನ್ನೊಬ್ಬರು ನೋಡಿ ಏನು ಮಾತಾಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತರು. ಊಟದ ಮೇಲೆ ಓಣಿ ತನ್ನ ಜಾಗಕ್ಕೆ ಬಂತು, ಜಗಳವೂ ಬಂತು, ಇಬ್ಬರೂ ನೆಮ್ಮದಿಯಿಂದ ಮುಖ ತಿರುಗಿಸಿಕೊಂಡರು.

ಇನ್ನೊಂದು ದಿನ ಸೇಫ್ ಮೋಡಿನಲ್ಲಿ ಹಾಕಿದ. ಅಂದರೆ ತೀರಾ ಬೇಕಾದ್ದು ಮಾತ್ರ ನಡೆಯುವ ಸ್ಥಿತಿ. ಆ ಬೆಳಿಗ್ಗೆ ಊರಿನಲ್ಲಿ ಬಣ್ಣ ಇರಲಿಲ್ಲ. ಅನ್ನಕ್ಕೆ ಉಪ್ಪು ಇತ್ತು, ಒಗ್ಗರಣೆ ಇರಲಿಲ್ಲ. ಯಾರೂ ಯಾರನ್ನೂ ಛೇಡಿಸಲಿಲ್ಲ, ಯಾರೂ ಸುಮ್ಮಸುಮ್ಮನೆ ನಗಲಿಲ್ಲ. ಚಾಪೆವ್ವನ ನೋವು ಮಾತ್ರ ಹಾಗೇ ಇತ್ತು, ಅದು ತೀರಾ ಬೇಕಾದ್ದರ ಲೆಕ್ಕಕ್ಕೆ ಸೇರಿತ್ತು. ಆ ಮಧ್ಯಾಹ್ನವೂ ಗಂಟೆಯಾಯಿತು.

ರಿಪೇರಿಯಣ್ಣ ಲ್ಯಾಪ್‌ಟಾಪಿನ ಒಳಗಿನ ದಾಖಲೆಯನ್ನೆಲ್ಲ ಹೊರಗೆ ತೆಗೆದು ಓದಿದ. ಆಮೇಲೆ ಊರಿನವರನ್ನೆಲ್ಲ ಚಾವಡಿಯ ಮುಂದೆ ಸೇರಿಸಿದ.

‘ದಿನಾ ನಡು ಮಧ್ಯಾಹ್ನ ಇದಕ್ಕೆ ಕರೆಂಟು ನಿಲ್ತಾ ಇದೆ. ನಿಮ್ಮೂರಲ್ಲಿ ಕರೆಂಟು ಹೋಗುತ್ತಾ?’

‘ಇಲ್ಲಪ್ಪ,’ ಎಂದ ಕಟ್ಟೆಯಪ್ಪ. ‘ಕರೆಂಟು ಹೋಗೋದು ಅಂತ ಇದರಲ್ಲಿ ಬರೆದೇ ಇಲ್ಲ.’

‘ಹಾಗಾದ್ರೆ ಆ ಹೊತ್ತಲ್ಲಿ ಯಾರಾದ್ರೂ ಇದಕ್ಕೆ ಏನಾದ್ರೂ ಮಾಡ್ತೀರಾ?’

‘ಆ ಹೊತ್ತಲ್ಲಿ ಯಾರೂ ಏನೂ ಮಾಡಲ್ಲ,’ ಎಂದ ಬಾವಿಯಣ್ಣ. ‘ವಿಶ್ರಾಂತಿ ಹೊತ್ತು.’

‘ಏನೂ ಮಾಡಲ್ಲ,’ ಎಂದರು ಎಲ್ಲರೂ.

‘ಏನೂ ಮಾಡಲ್ಲ,’ ಎಂದಳು ಗಂಟೆವ್ವ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗಂಟೆ ಬಾರಿಸುವುದು ಕೆಲಸ, ಅದು ಮುಗಿದ ಮೇಲೆ ಮಾಡುವುದೆಲ್ಲ ವಿಶ್ರಾಂತಿ. ಮಲಗಿದ ಮಗುವಿಗೆ ಹೊದಿಕೆ ಸರಿಮಾಡಿದವಳನ್ನು ಏನು ಮಾಡಿದೆ ಎಂದು ಕೇಳಿದರೆ ಏನೂ ಇಲ್ಲ ಎಂದೇ ಹೇಳುತ್ತಾಳೆ.

ರಿಪೇರಿಯಣ್ಣ ಗಡ್ಡ ಕೆರೆದುಕೊಂಡ. ಕೆರೆದುಕೊಳ್ಳುವಷ್ಟು ಗಡ್ಡ ಆಗಲೇ ಇತ್ತು.

‘ಇನ್ನು ಒಂದೇ ದಾರಿ. ಎಲ್ಲ ಒರೆಸಿ ಮೊದಲಿಂದ ಹಾಕೋದು. ಊರು ಹುಟ್ಟಿದ ದಿನ ಹೇಗಿತ್ತೋ ಹಾಗಾಗುತ್ತೆ. ಬಾವಿ ಇರುತ್ತೆ, ಕಟ್ಟೆ ಇರುತ್ತೆ. ಹೆಸರಿರೋ ಜನ ಇರ್ತಾರೆ. ಮಿಕ್ಕಿದ್ದು ಇರಲ್ಲ.’

‘ಹೊಟ್ಟೇಲಿರೋದು?’ ಎಂದು ಕೇಳಿದಳು ಗಂಟೆವ್ವ.

ರಿಪೇರಿಯಣ್ಣ ಅವಳ ಕಡೆ ನೋಡಿದ. ‘ಅದಕ್ಕಿನ್ನೂ ಹೆಸರು ಬಂದಿಲ್ಲವಲ್ಲ ಅವ್ವ.’

ಗೋಡೆಯಣ್ಣ ಕೈಯಲ್ಲಿದ್ದ ಕರಣೆಯನ್ನು ನೆಲಕ್ಕಿಟ್ಟ. ಕಟ್ಟೆಯಪ್ಪ ಕೋಲನ್ನು ನೆಲಕ್ಕೂರಿ ಹೇಳಿದ: ‘ಊರು ಉಳೀಬೇಕಲ್ಲ. ನಾಳೆ ಸಂಜೆ ಒರೆಸಿಬಿಡಿ.’

ಮಾರನೆಯ ದಿನ ಗಂಟೆವ್ವ ಗಂಟೆ ಬಾರಿಸಿ, ವೈರು ತೆಗೆದು, ಬಟ್ಟೆ ಹೊದಿಸಿ, ಅಂಚು ಸೇರಿಸಿದವಳೇ ಮಗಳ ಮನೆಗೆ ಓಡಿದಳು. ಊಟಕ್ಕೆ ಕರೆಯದ ಹೊಸ್ತಿಲು, ಆದ್ದರಿಂದ ಆಚೆಯೇ ನಿಂತು ಇಣುಕಿದಳು. ಮಗುವಿನ ನೆತ್ತಿ ಕಾಣುತ್ತಿತ್ತು. ಕಪ್ಪು ಕೂದಲು, ಒದ್ದೆಯಾಗಿ ಮಿನುಗುತ್ತಿತ್ತು. ಇನ್ನೊಂದೇ ಒಂದು ನೋವು ಸಾಕಾಗಿತ್ತು.

ಆದರೆ ಗಂಟೆಯಾಗಿತ್ತು. ಸೂಲಗಿತ್ತಿ ನಿಟ್ಟುಸಿರು ಬಿಟ್ಟು, ಆಸರೆ ಕೊಟ್ಟಿದ್ದ ಕೈಗಳನ್ನು ಹಿಂದಕ್ಕೆ ತೆಗೆದು, ತೊಳೆದುಕೊಂಡು ಊಟಕ್ಕೆ ಎದ್ದಳು. ಚಾಪೆವ್ವ ಆ ಊರಲ್ಲೇ ಹುಟ್ಟಿ ಬೆಳೆದವಳು, ಅವಳ ನೋವಿಗೂ ಊರಿನ ಪದ್ಧತಿ ಗೊತ್ತಿತ್ತು. ಅದೂ ವಿಶ್ರಾಂತಿಗೆ ಕೂತಿತು. ಕಪ್ಪು ಕೂದಲಿನ ನೆತ್ತಿ ಅರೆಕ್ಷಣ ಕಾದು ನೋಡಿ ಮೆಲ್ಲಗೆ ಒಳಗೆ ಸರಿಯಿತು.

‘ಯಾಕೆ ಕೈ ತೆಗೆದೆ?’ ಎಂದು ಗಂಟೆವ್ವ ಹೊರಗಿನಿಂದಲೇ ಕೂಗಿದಳು.

‘ನಾನೇನು ಮಾಡ್ದೆ?’ ಎಂದಳು ಸೂಲಗಿತ್ತಿ ಆಶ್ಚರ್ಯದಿಂದ. ‘ನಾನೇನೂ ಮಾಡ್ಲಿಲ್ಲವಲ್ಲ. ಸುಮ್ಮನೆ ಬಿಟ್ಟೆ ಅಷ್ಟೆ.’

ಗಂಟೆವ್ವ ತನ್ನ ಎರಡು ಕೈಗಳನ್ನೂ ಮುಖದ ಮುಂದೆ ಹಿಡಿದು ನೋಡಿಕೊಂಡಳು. ಬೆಳಗ್ಗಿನಿಂದ ಹಗ್ಗ ಬಿಟ್ಟರೆ ಬೇರೇನನ್ನೂ ಎಳೆಯದ ಕೈಗಳು. ಅಲ್ಲ, ಇನ್ನೊಂದನ್ನು ಎಳೆದಿದ್ದವು. ‘ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ’ ಎಂದು ಹಣೆ ಹಣೆ ಬಡಿದುಕೊಂಡಳು. ಆಮೇಲೆ ಚಾವಡಿಗೆ ಓಡಿದಳು.

ರಿಪೇರಿಯಣ್ಣ ಅಂದು ಎಲ್ಲರಿಗಿಂತ ಮೊದಲೇ ಉಂಡು ಕೈ ತೊಳೆದು ಆಗ ತಾನೇ ಬರುತ್ತಿದ್ದ. ಬಟ್ಟೆ ಹೊದ್ದು ಮಲಗಿದ್ದ ಲ್ಯಾಪ್‌ಟಾಪನ್ನು ಅವನು ಮೊದಲ ಸಲ ಕಂಡ.

‘ಇದು ಯಾರು ಹೊದಿಸಿದ್ದು?’

‘ನಾನು.’

‘ವೈರು?’

‘ನಾನೇ.’

‘ದಿನಾ?’

‘ದಿನಾ. ಅದಕ್ಕೂ ಸುಸ್ತಾಗಲ್ವಾ?’

ರಿಪೇರಿಯಣ್ಣ ನೆಲದ ಮೇಲೆ ಕೂತುಬಿಟ್ಟ. ಬೈಯಬೇಕೆಂದು ಬಾಯಿ ತೆರೆದ; ಆ ಮೆತ್ತನೆಯ ಬಟ್ಟೆಯನ್ನೂ, ಒಳಗೆ ಸೇರಿಸಿದ ಅಂಚುಗಳನ್ನೂ ನೋಡಿ ಬಾಯಿ ಮುಚ್ಚಿದ. ಅವನ ಹೊಟ್ಟೆಯಲ್ಲಿ ಆ ಊರಿನ ಅನ್ನ ಬಹಳವಿತ್ತು.

‘ಕೇಳಿ ಅವ್ವ,’ ಎಂದ ಕೊನೆಗೆ. ‘ಇದು ಸಾಯಂಕಾಲದ ತನಕ ಎದ್ದಿರಬೇಕು. ಅಷ್ಟೇ ಇದಕ್ಕಿರೋ ಕಾಯಿಲೆ. ಆದ್ರೆ ಇನ್ನೊಂದು ವಿಷಯ ಹೇಳಬೇಕು. ಹೊಸ ವ್ಯವಸ್ಥೆಯಲ್ಲಿ ಏನೇನಿದೆ ಅಂತ ನಾನು ನೋಡಿದ್ದೀನಿ. ಬಾವಿ ಇದೆ, ಒಲೆ ಇದೆ, ಕಟ್ಟೆ ಇದೆ. ಗಂಟೆ ಕಾಣಲಿಲ್ಲ.’

‘ಗಂಟೆ ಇಲ್ದಿದ್ರೆ ಗಂಟೆವ್ವ?’

ಗಂಟೆವ್ವ ತಲೆಯೆತ್ತಿ ಗಂಟೆಯನ್ನು ನೋಡಿದಳು. ತಾಯಿ ಹಿಡಿದ ಜಾಗದಲ್ಲಿ ಹಗ್ಗ ನುಣುಪಾಗಿತ್ತು. ಗಂಟೆ ಇಲ್ಲದ ಊರಲ್ಲಿ ತನ್ನನ್ನು ಊಟಕ್ಕೆ ಏನಂತ ಕರೆಯುತ್ತಾರೆ? ಹೊಸ್ತಿಲಾಚೆ ನಿಂತು ಎಲ್ಲರೂ ಉಣ್ಣುವುದನ್ನು ನೋಡುತ್ತಿರಬೇಕು, ಅಷ್ಟೇ.

‘ಮಗುಗೆ ಜಾಗ ಇದೆಯಾ ಅದರಲ್ಲಿ?’

‘ಇದೆ.’

‘ಹಾಗಾದ್ರೆ ಇವತ್ತು ಒರೆಸಬೇಡಿ,’ ಎಂದಳು. ‘ನಾಳೆ ಒಂದು ದಿನ ಕೊಡಿ.’

ಕಟ್ಟೆಯಪ್ಪ ಒಂದು ದಿನ ಕೊಟ್ಟ, ಆದರೆ ಗಂಟೆ ನಿಲ್ಲಿಸಲು ಒಪ್ಪಲಿಲ್ಲ. ‘ನಾಳೆ ಗಂಟೆ ಬಾರಿಸಲ್ಲ ಅಂದ್ರೆ ಏನರ್ಥ ಗಂಟೆವ್ವ? ಊರು ಉಣ್ಣೋದು ಯಾವಾಗ?’

‘ಕೆಲಸ ಮುಗಿದ ಮೇಲೆ.’

‘ಬಾರಿಸು, ಲ್ಯಾಪ್‌ಟಾಪನ್ನ ಮಾತ್ರ ಬಿಟ್ಟುಬಿಡು.’

‘ಅದು ನಮಗೋಸ್ಕರ ದುಡೀತಾ ಇರುತ್ತೆ, ನಾವು ಉಣ್ಣೋದಾ? ನನ್ನ ಮಗಳು ಹೆರ್ತಾ ಇರ್ತಾಳೆ, ಸೂಲಗಿತ್ತಿ ಉಣ್ಣೋದಾ?’

ಕಟ್ಟೆಯಪ್ಪನಿಗೆ ಇದಕ್ಕೆ ಸಿಟ್ಟು ಬಂತು. ‘ನೀನು ಬಾರ್ಸದಿದ್ರೆ ನಾನು ಬಾರಿಸ್ತೀನಿ. ಹಗ್ಗ ಎಳೆಯೋಕೆ ಏನು ಮಹಾ ವಿದ್ಯೆ ಬೇಕು,’ ಎಂದು ಕೋಲು ಕುಟ್ಟಿಕೊಂಡು ಹೋದ.

ಮಾರನೆಯ ದಿನ ಸೂರ್ಯ ನೆತ್ತಿಗೆ ಬರುವ ಮೊದಲೇ ಗಂಟೆವ್ವ ಮಣೆಯ ಮೇಲೆ ಹತ್ತಿ ನಿಂತು, ಗಂಟೆಯೊಳಗೆ ಕೈ ಹಾಕಿ, ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೆಗಲ ಮೇಲೆ ಬಣ್ಣ ಹೋದ ಆ ಬಟ್ಟೆ ಇತ್ತು. ಅವಳ ಪಕ್ಕದಲ್ಲಿ ಲ್ಯಾಪ್‌ಟಾಪಿನ ಚಕ್ರ ತಿರುಗುತ್ತಿತ್ತು.

ಹೊತ್ತಾಯಿತು. ಗಂಟೆಯಾಗಲಿಲ್ಲ. ಬಾವಿಯಣ್ಣ ಸೇದುತ್ತಲೇ ಇದ್ದ, ಇಡುವ ಜಾಗವಿಲ್ಲದೆ ಕೊಡಗಳು ಓಣಿಯ ತನಕ ಬಂದವು. ಬೈಯಲು ಶುರುಮಾಡಿದವರು ನಿಲ್ಲಿಸಲಾಗದೆ ಬೈಯುತ್ತಲೇ ಹೋಗಿ, ಬೈಗುಳ ಖಾಲಿಯಾಗಿ, ಒಬ್ಬರನ್ನೊಬ್ಬರು ಹೊಗಳತೊಡಗಿದರು. ಒಲೆಯಕ್ಕ ಅನ್ನ ಆರುತ್ತದೆಂದು ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದಳು. ಇಡೀ ಊರಿಗೆ ಹಸಿವಾಯಿತು. ಆ ಊರಿಗೆ ಹಸಿವನ್ನು ತಾಳಿ ಗೊತ್ತಿರಲಿಲ್ಲ.

ಕಟ್ಟೆಯಪ್ಪ ಚಾವಡಿಗೆ ಬಂದ. ‘ಕೈ ತೆಗಿ ಗಂಟೆವ್ವ.’

‘ತೆಗೆಯಲ್ಲ ಕಟ್ಟೆಯಪ್ಪ.’

‘ತಪ್ಪು ತಿಳೀಬೇಡ ಮತ್ತೆ,’ ಎಂದು ಅವನು ಹಗ್ಗ ಎಳೆದ. ಕಂಚು ಬಂದು ಅವಳ ಬೆರಳ ಗೆಣ್ಣಿಗೆ ಬಡಿಯಿತು. ಸದ್ದು ಬರಲಿಲ್ಲ. ಬಾವಿಯಣ್ಣ ಬಂದು, ‘ನೋವಾದ್ರೆ ಹೇಳಿ’ ಎಂದು ಎಳೆದ. ನೋವಾಯಿತು, ಅವಳು ಹೇಳಲಿಲ್ಲ. ಒಬ್ಬೊಬ್ಬರಾಗಿ ಬಂದರು. ‘ಮನಸ್ಸಿಗೆ ಹಚ್ಚಿಕೋಬೇಡಿ’ ಎಂದು ಒಬ್ಬ ಎಳೆದ, ‘ಮಕ್ಕಳು ಹಸಿದಿವೆ ಅದಕ್ಕೆ’ ಎಂದು ಇನ್ನೊಬ್ಬಳು ಎಳೆದಳು. ಮರ್ಯಾದಸ್ಥರ ಊರು ಎಂದು ಮೊದಲೇ ಹೇಳಿದೆನಲ್ಲ. ಗಂಟೆವ್ವನ ಮೊಣಕೈವರೆಗೆ ರಕ್ತ ಇಳಿಯಿತು. ಮುಷ್ಟಿ ಬಿಚ್ಚಲಿಲ್ಲ.

ಗೋಡೆಯಣ್ಣನೂ ಬಂದ. ಅವನು ಹಗ್ಗ ಮುಟ್ಟಲಿಲ್ಲ. ಅತ್ತೆ ನಿಂತಿದ್ದ ಮಣೆ ಅಲುಗಾಡುತ್ತಿತ್ತು, ಅದರ ಕಾಲಿಗೆ ಒಂದು ಇಟ್ಟಿಗೆಯ ಚೂರು ಕೊಟ್ಟು, ಮತ್ತೆ ಗೋಡೆ ಕಟ್ಟಲು ಹೋದ.

ದೂರದಿಂದ ಮಗಳ ಕೂಗು ಕೇಳಿಸುತ್ತಿತ್ತು. ಹೋಗಬೇಕೆಂದು ಗಂಟೆವ್ವನ ಜೀವ ಹಾರುತ್ತಿತ್ತು. ಹೋದರೆ ಕೈ ಬಿಡಬೇಕು. ಕೈ ಬಿಟ್ಟರೆ ಸೂಲಗಿತ್ತಿಯೂ ಕೈ ಬಿಡುತ್ತಾಳೆ. ಅವಳು ಕಣ್ಣು ಮುಚ್ಚಿ ನಿಂತಳು. ಸೂರ್ಯ ನೆತ್ತಿಯಿಂದ ಜಾರಿದ. ಗಂಟೆಯಿಲ್ಲದೆಯೂ ಅವನು ಜಾರಬಲ್ಲ ಎಂದು ಊರಿಗೆ ಗೊತ್ತಾದದ್ದು ಅಂದೇ. ಗೆರೆ ತುಂಬುತ್ತಾ ಬಂತು, ತುದಿಯಲ್ಲಿ ಒಂದು ಎಳೆಯಷ್ಟು ಉಳಿದು ನಿಂತಿತು. ರಿಪೇರಿಯಣ್ಣ ಉಸಿರು ಹಿಡಿದು ಕೂತ. ಕಟ್ಟೆಯಪ್ಪ ಕೊನೆಯ ಸಲ ಎಂದು ಎರಡೂ ಕೈಯಲ್ಲಿ ಹಗ್ಗ ಹಿಡಿದು ಮೈಭಾರವೆಲ್ಲ ಬಿಟ್ಟು ಎಳೆದ.

ಹಾಗೇ ಹಿಂದಕ್ಕೆ ಬಿದ್ದ. ಅವನ ಕೈಯಲ್ಲಿ ಹಗ್ಗ ಇರಲಿಲ್ಲ. ತೊಲೆ ಇತ್ತು, ತೊಲೆಗೆ ಗಂಟೆ ಇರಲಿಲ್ಲ. ಗಂಟೆವ್ವ ಬರಿಯ ಗಾಳಿಯಲ್ಲಿ ಕೈಯೆತ್ತಿ ನಿಂತಿದ್ದಳು. ಪರದೆಯ ಮೇಲೆ ‘ಅಪ್‌ಡೇಟ್ ಪೂರ್ಣಗೊಂಡಿದೆ’ ಎಂದು ಬಂತು.

ಓಣಿಯ ಆ ತುದಿಯಿಂದ ಒಂದು ಸಣ್ಣ ಅಳು ಕೇಳಿಸಿತು. ಹಿತ್ತಲಿನ ಗೋಡೆ ನಿಂತೇ ಇತ್ತು.

ಊರಿನವರು ಬಹಳ ಹೊತ್ತು ತೊಲೆಯನ್ನೇ ನೋಡುತ್ತಾ ನಿಂತರು. ಊಟಕ್ಕೆ ಹೋಗಿ ಎಂದು ಹೇಳುವವರು ಯಾರೂ ಇರಲಿಲ್ಲ. ಕೊನೆಗೆ ಒಲೆಯಕ್ಕನೇ, ‘ಹಸಿವಾದೋರು ಉಣ್ಣಿ, ಅದಕ್ಕೇನು’ ಎಂದಳು. ಎಲ್ಲರೂ ನಾಚಿಕೊಂಡು ಎದ್ದರು. ಬಾಗಿಲು ಬಾಗಿಲಲ್ಲಿ ಕರೆಯುವ ಸದ್ದು ಕೇಳಿತು. ‘ಬಾವಿಯಣ್ಣ, ಬಾ.’ ‘ಕಟ್ಟೆಯಪ್ಪ, ಎಲೆ ಹಾಕಿದೆ.’ ಕಟ್ಟೆಯಪ್ಪ ಮೈ ಕೊಡವಿಕೊಂಡು ಹೊರಟವನು ತಿರುಗಿ ನಿಂತ. ಮಣೆಯಿಂದ ಇಳಿಯುತ್ತಿದ್ದವಳನ್ನು ತನ್ನ ಮನೆಗೆ ಊಟಕ್ಕೆ ಕರೆಯಬೇಕೆಂದು ಬಾಯಿ ತೆರೆದ. ಏನಂತ ಕರೆಯುವುದು? ಬಾಯಿ ಹಾಗೇ ತೆರೆದಿತ್ತು. ಅವನ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿಕೊಂಡು ಹೋದ.

ರಿಪೇರಿಯಣ್ಣ ಚೀಲ ಕಟ್ಟಿಕೊಂಡ. ‘ಮುಂದೆ ಇನ್ನೊಂದು ಅಪ್‌ಡೇಟ್ ಬರುತ್ತೆ ಅವ್ವ. ಆಗ ಹೊದಿಸಬೇಡಿ,’ ಎಂದ.

‘ಇಲ್ಲಪ್ಪ,’ ಎಂದಳು ಅವಳು.

ಅವನು ನದಿಯ ಕಡೆ ನಡೆದ. ಅವಳು ಮಗಳ ಮನೆಯ ಕಡೆ ನಡೆದಳು. ಒಳಗೆ ಎಲೆ ಹಾಕಿದ್ದರು, ಅನ್ನದ ಹಬೆ ಹೊರಗೆ ಬರುತ್ತಿತ್ತು. ಗೋಡೆಯಣ್ಣ ಕೂತಿದ್ದ, ಸೂಲಗಿತ್ತಿ ಕೂತಿದ್ದಳು. ಅವಳು ಹೊಸ್ತಿಲಾಚೆ ನಿಂತಳು. ಒದ್ದೆ ಕಪ್ಪು ಕೂದಲಿನ ನೆತ್ತಿ ಅಲ್ಲಿಂದ ಸ್ವಲ್ಪವೇ ಕಾಣುತ್ತಿತ್ತು. ಅಷ್ಟು ಸಾಕು ಎಂದುಕೊಂಡಳು. ಸಾಕಾಗಲಿಲ್ಲ.

ಮಲಗಿದ್ದ ಚಾಪೆವ್ವ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಕರೆಯಲು ಹೋದಳು, ಹಳೆಯ ಮಾತು ನಾಲಿಗೆಗೆ ಬರಲಿಲ್ಲ. ಮತ್ತೆ ಯತ್ನಿಸಿದಳು, ಬರಲಿಲ್ಲ. ಮಗ್ಗುಲಲ್ಲಿದ್ದ ಮಗುವನ್ನು ನೋಡಿದಳು. ಅದು ಇನ್ನೂ ಯಾವ ಕೆಲಸವನ್ನೂ ಮಾಡಿರಲಿಲ್ಲ, ಆದರೂ ಅದಕ್ಕೆ ಹಾಲು ಕುಡಿಸಿದ್ದಳು. ಇಷ್ಟು ವರ್ಷ ಮನಸ್ಸಿನೊಳಗೆ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

‘ಅವ್ವಾ,’ ಎಂದಳು. ‘ಅವ್ವಾ, ಬಾ. ಉಣ್ಣು ಬಾ.’

ಅವಳು ಹೊಸ್ತಿಲು ದಾಟಿದಳು. ಹೆಗಲ ಮೇಲಿನ ಬಟ್ಟೆ ತೆಗೆದು ಮಗುವಿಗೆ ಹೊದಿಸಿದಳು, ಅಂಚುಗಳನ್ನು ಒಳಗೆ ಸೇರಿಸಿದಳು. ಬಲಗೈ ಬೆರಳು ಮಡಚಲು ಬರುತ್ತಿರಲಿಲ್ಲ, ಸೂಲಗಿತ್ತಿ ಅನ್ನ ಕಲಸಿ ತುತ್ತು ಮಾಡಿ ಕೊಟ್ಟಳು.